ಮೊದಲು ಗಂಡನ ಪರೀಕ್ಷೆಯಾಗಲಿ

ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ನಮ್ಮ ಕಾಸರಗೋಡಿನ ಕಡೆ ಮೊದಲ ಪ್ರಶ್ನೆ ಬರುವುದು ಸೊಸೆಗೆ. ಅವಳನ್ನು ಮಂಗಳೂರಿಗೆ ಕರೆದೊಯ್ಯುತ್ತೇವೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಮಾತ್ರೆ, ಜತೆಗೆ ಹರಕೆ. ಮಗ ಮಾತ್ರ ತೋಟದಲ್ಲೇ ಇರುತ್ತಾನೆ. ಇದು ಅನ್ಯಾಯ ಮಾತ್ರವಲ್ಲ, ದುಡ್ಡು ಮತ್ತು ಕಾಲ ಎರಡನ್ನೂ ಹಾಳು ಮಾಡುವ ಕ್ರಮ ಎಂದು ನಮ್ಮ ಅಭಿಪ್ರಾಯ. ಏಕೆಂದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಾರಣವೂ ಸೇರಿರುತ್ತದೆ. ಅವನಿಗೆ ಬೇಕಾದದ್ದು ಒಂದು ವೀರ್ಯ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ.

ಹಿಂಜರಿಕೆ ಎಲ್ಲಿಂದ ಬರುತ್ತದೆಂದು ನಮಗೆ ಗೊತ್ತು. ಗಂಡಸುತನವೇ ಬೇರೆ, ವೀರ್ಯಾಣುಗಳ ಸಂಖ್ಯೆಯೇ ಬೇರೆ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ, ಗಟ್ಟಿಮುಟ್ಟಾದ ಆಳಿನಲ್ಲೂ ವೀರ್ಯಾಣು ಕಡಿಮೆ ಇರಬಹುದು. ಹೊರಗಿನಿಂದ ತಿಳಿಯುವುದಿಲ್ಲ.

ಇನ್ನು ಅಭ್ಯಾಸಗಳ ಮಾತು. ವೃಷಣಗಳು ದೇಹದ ಹೊರಗೆ ಇರುವುದೇ ತಂಪಿಗಾಗಿ. ಅಲ್ಲಿ ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆ ಬೇಕು. ಕುಲುಮೆ, ಬಾಯ್ಲರ್ ಬಳಿ ದಿನವಿಡೀ ದುಡಿಯುವವರಿಗೆ, ಗಂಟೆಗಟ್ಟಲೆ ಸೀಟು ಬಿಡದೆ ಲಾರಿ ಓಡಿಸುವವರಿಗೆ ಇದು ಗಮನದಲ್ಲಿರಬೇಕು. ಬೀಡಿ, ಸಿಗರೇಟು ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ತಗ್ಗಿಸುತ್ತವೆ. ಮಿತಿಮೀರಿದ ಶರಾಬು ಪುರುಷ ಹಾರ್ಮೋನನ್ನೇ ಕುಗ್ಗಿಸುತ್ತದೆ. ಬೊಜ್ಜು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಕೂಡ ಹಾಗೆಯೇ. ಈಗಿನ ಹುಡುಗರು ಜಿಮ್ಮಿಗೆ ಹೋಗಿ ಮೈ ಕಟ್ಟಲು ಚುಚ್ಚಿಸಿಕೊಳ್ಳುವ ಹಾರ್ಮೋನು ಇನ್ನೂ ವಿಚಿತ್ರ: ತೋಳು ದಪ್ಪವಾಗುತ್ತದೆ, ವೀರ್ಯಾಣು ತಯಾರಿ ನಿಂತೇ ಹೋಗಬಹುದು!

ಒಂದು ಸಮಾಧಾನವಿದೆ. ವೀರ್ಯಾಣು ತಯಾರಾಗಲು ಸುಮಾರು 70–75 ದಿನ ಬೇಕು. ಇಂದು ಬೀಡಿ ಬಿಟ್ಟವನು ಮುಂದಿನ ವಾರವೇ ಫಲ ನೋಡಲಾರ. ಮೂರು ತಿಂಗಳು ಕಾಯಬೇಕು.

ಆದರೆ ಕೃಷಿಕರಾದ ನಾವು ಅತಿ ಹೆಚ್ಚು ಯೋಚಿಸಬೇಕಾದದ್ದು ಕೀಟನಾಶಕದ ಬಗ್ಗೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಬಿಸಿಪಿ ಎಂಬ ಜಂತುನಾಶಕ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ತಮ್ಮಲ್ಲಿ ಯಾರಿಗೂ ಈಚೆಗೆ ಮಕ್ಕಳಾಗುತ್ತಿಲ್ಲವಲ್ಲ ಎಂದು ತಾವೇ ಮಾತಾಡಿಕೊಂಡರು. ಪರೀಕ್ಷಿಸಿದಾಗ ಹಲವರಲ್ಲಿ ವೀರ್ಯಾಣು ತೀರಾ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಬೇರೆ ಯಾವ ಕಾಯಿಲೆಯ ಲಕ್ಷಣವೂ ಅವರಿಗಿರಲಿಲ್ಲ.

ದೂರದ ಕಥೆ ಎನ್ನುವಂತಿಲ್ಲ. ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎರಡು ದಶಕಗಳ ಕಾಲ, 2000ದವರೆಗೆ. ಪಡ್ರೆಯ ಗಂಡುಮಕ್ಕಳ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಪ್ರಾಯಕ್ಕೆ ಬರುವುದು ತಡವಾಗಿರುವುದು ಕಂಡುಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಡೆ ನಿಲ್ಲಿಸಿತು. ಎಂಡೋಸಲ್ಫಾನ್ ಹೋಯಿತು, ಬರಿಗೈಯಲ್ಲಿ ವಿಷ ಕಲಸುವ ನಮ್ಮ ಚಾಳಿ ಹೋಗಿಲ್ಲ. ಅಡಿಕೆಗೆ ಬಿಡುವ ಮೈಲುತುತ್ತು-ಸುಣ್ಣವನ್ನೂ ಬಾಳೆ, ತರಕಾರಿಗೆ ಹೊಡೆಯುವ ಕೀಟನಾಶಕವನ್ನೂ ಒಂದೇ ಎಂದು ತಿಳಿದವರಿದ್ದಾರೆ. ಪಂಪು ಬೆನ್ನಲ್ಲಿ, ಬೀಡಿ ಬಾಯಲ್ಲಿ, ಸೋರಿದ ವಿಷ ಸೊಂಟದಿಂದ ಕೆಳಗಿಳಿದು ಬಟ್ಟೆ ಒದ್ದೆ. ತೊಡೆಸಂದಿಯ ಚರ್ಮ ವಿಷವನ್ನು ಬೇಗ ಹೀರುತ್ತದೆ ಎಂದು ಎಷ್ಟು ಜನರಿಗೆ ಗೊತ್ತು? ಕೈಗವಸು, ಉದ್ದ ಪ್ಯಾಂಟು, ಸೋರದ ಪಂಪು ಬೇಕು. ಕೆಲಸ ಮುಗಿದೊಡನೆ ಸಾಬೂನಿನ ಸ್ನಾನ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಹಾಕಬಾರದು.

ಮದುವೆಗೆ ಮುಂಚಿನ ತರಬೇತಿಯಲ್ಲಿ ವೈದ್ಯರೊಬ್ಬರಿಂದ ಹುಡುಗರಿಗೆ ಈ ವಿಷಯ ಅರ್ಧ ಗಂಟೆ ಹೇಳಿಸಬೇಕೆಂದು ನಮ್ಮ ಒತ್ತಾಯ. ಮದುವೆಯಾಗಿ ವರ್ಷ ಕಳೆದ ದಂಪತಿಗಳು ವೈದ್ಯರಲ್ಲಿಗೆ ಒಟ್ಟಿಗೇ ಹೋಗಲಿ. ಹೋಗುವಾಗ ಗಂಡ ತಾನು ಹೊಡೆಯುವ ಮದ್ದಿನ ಡಬ್ಬದ ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಕೇಳದಿದ್ದರೂ ತೋರಿಸಲಿ.