ರಜೆಯ ದಿನದ ಕಡ್ಡಾಯ ಹಾಜರಿ

ರಾಜ್ಯದ ಇತರೆಡೆಗಳಂತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೂ ಜಯಂತಿಗಳ ಪೂರ್ವಭಾವಿ ಸಭೆಯಲ್ಲಿ ಕೇಳಿಬರುವ ಸೂಚನೆ ಒಂದೇ: ಎಲ್ಲ ಇಲಾಖೆಗಳ ಸಿಬ್ಬಂದಿ ಕಡ್ಡಾಯವಾಗಿ ಹಾಜರಿರಬೇಕು, ಗೈರಾದವರಿಗೆ ನೋಟಿಸ್. ಧ್ವಜಾರೋಹಣದ ಮಾತು ಬೇರೆ. ಅದಕ್ಕೆ ಯಾರ ತಕರಾರೂ ಇರದು. ಆದರೆ ಬಸವ, ಅಂಬೇಡ್ಕರ್, ವಾಲ್ಮೀಕಿ, ಕನಕ ಜಯಂತಿಗಳು ಸಾರ್ವತ್ರಿಕ ರಜೆಯ ದಿನಗಳು. ಸಾರ್ವಜನಿಕರು ಬಾರದ ಸಭಾಂಗಣದ ಕುರ್ಚಿ ತುಂಬುವ ಹೊಣೆ ಅಂದು ನೌಕರರದ್ದಾಗುತ್ತದೆ. ಇದು ಮಹನೀಯರಿಗೆ ಸಲ್ಲುವ ಗೌರವವೇ ಎಂಬುದು ಪ್ರತ್ಯೇಕ ಚರ್ಚೆ.

ಮಕ್ಕಳ ಓದಿಗಾಗಿ ಮೈಸೂರಿನಲ್ಲಿ ಮನೆ ಮಾಡಿ ಈ ತಾಲ್ಲೂಕುಗಳಿಗೆ ನಿತ್ಯ ಓಡಾಡುವ ನೌಕರರಿಗೆ ಹೊರೆ ಹೆಚ್ಚು. ಕೆ.ಆರ್. ನಗರಕ್ಕಾದರೆ ರೈಲುಂಟು, ಉಳಿದ ಮೂರು ಪಟ್ಟಣಗಳಿಗೆ ಬಸ್ಸೇ ಗತಿ. ಹುಣಸೂರು ಸುಮಾರು 45 ಕಿ.ಮೀ., ಕೋಟೆ ಸುಮಾರು 50. ಒಂದು ಗಂಟೆಯ ಸಮಾರಂಭಕ್ಕೆ ಅರ್ಧ ದಿನ ಕಳೆಯುತ್ತದೆ. ಮನೆಯಲ್ಲಿ ಹಸುಗೂಸೋ, ಹಾಸಿಗೆ ಹಿಡಿದ ತಾಯಿಯೋ ಇದ್ದು ರಜೆ ಕೇಳೋಣವೆಂದರೆ ಆ ದಿನವೇ ರಜೆ!

2019ರಲ್ಲಿ ನಾಲ್ಕನೇ ಶನಿವಾರದ ರಜೆ ಘೋಷಿಸಿದ ಸರ್ಕಾರ, ಕಚೇರಿ ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. 2021ರಲ್ಲಿ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ದೊರೆಯಿತು. ಅಂದರೆ ಕುಟುಂಬದ ಹೊಣೆಯನ್ನು ಸರ್ಕಾರವೇ ಮಾನ್ಯ ಮಾಡಿದೆ. ತಾಲ್ಲೂಕು ಸಭೆಗಳಲ್ಲಿ ಮಾತ್ರ ಅದು ನೆನಪಿಗೆ ಬರುವುದಿಲ್ಲ. ಕಂಪನಿಯ ಮೋಜುಕೂಟಗಳಿಗೆ ಒಗ್ಗದ ನೌಕರನನ್ನು ಅದೇ ಕಾರಣಕ್ಕೆ ವಜಾ ಮಾಡುವುದು ಸಲ್ಲದೆಂದು ಫ್ರಾನ್ಸಿನ ಉನ್ನತ ನ್ಯಾಯಾಲಯ 2022ರಲ್ಲಿ ಹೇಳಿತ್ತು. ಇಲ್ಲಿ ವಜಾದ ಭಯವಿಲ್ಲ, ನೋಟಿಸಿನ ಭಯ ಸಾಕಷ್ಟಿದೆ.

ಇಲಾಖೆಗೆ ಇಬ್ಬರಂತೆ ಸರದಿ ಪಟ್ಟಿ ಮಾಡಿ, ಬಂದವರಿಗೆ ಬದಲಿ ರಜೆ ನೀಡುವುದಕ್ಕೆ ಹೆಚ್ಚುವರಿ ಅನುದಾನವೇನೂ ಬೇಕಿಲ್ಲ.