ಚಿತ್ರಕ್ಕೆ ತಕ್ಕ ಚೌಕಟ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಹಾಸಿಗೆ ಚಿಕ್ಕದಾಯಿತೆಂದು ಕಾಲನ್ನು ಕತ್ತರಿಸಬೇಕೆಂದಾಗಲಿ, ದೊಡ್ಡದಾಯಿತೆಂದು ಮಲಗಿದವನನ್ನು ಜಗ್ಗಿ ಉದ್ದಮಾಡಬೇಕೆಂದಾಗಲಿ ಯಾವ ಹಿರಿಯರೂ ಹೇಳಿದ್ದಿಲ್ಲ. ಆದರೆ ಚಲಚ್ಚಿತ್ರಗಳ ತುಣುಕುಗಳನ್ನು ಮೊಬೈಲಿನಲ್ಲಿಯೇ ಹೊಸೆದು ಸ್ವಂತ ಚಿತ್ರಿಕೆಗಳನ್ನು ಸಿದ್ಧಪಡಿಸುವ ಇಂದಿನ ಅಭಿಮಾನಿ ತರುಣರಲ್ಲಿ ಅನೇಕರು ಈ ಎರಡು ಅನ್ಯಾಯಗಳನ್ನೂ ತಿಳಿಯದೆಯೇ ಎಸಗುತ್ತಿರುವರು.

ಆಗಸ್ಟ್ 15 ಮತ್ತು ಜನವರಿ 26 ಇಡೀ ದೇಶಕ್ಕೆ ಹಬ್ಬದ ದಿನಗಳು. ಬೆಳಗಾವಿಯ ಸೀಮೆಗೆ ಅವು ಮತ್ತೊಂದು ಕಾರಣದಿಂದಲೂ ಪೂಜ್ಯವಾಗಿವೆ. ಸಂಗೊಳ್ಳಿ ರಾಯಣ್ಣನ ಜಯಂತಿಯನ್ನು ಆಚರಿಸುವುದು ಆಗಸ್ಟ್ 15ರಂದು; ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದುದು 1831ರ ಜನವರಿ 26ರಂದು. ಈ ಎರಡು ದಿನಗಳಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳೂ ರೀಲ್ಸ್‌ಗಳೂ ರಾಯಣ್ಣನಿಂದ, ಕಿತ್ತೂರಿನ ರಾಣಿಯಿಂದ ತುಂಬಿರುವುದು ಸಹಜವೇ ಆಗಿದೆ.

ಇಂತಹ ಚಿತ್ರಿಕೆಯೊಂದಕ್ಕೆ ಕೈಹಾಕುವ ಟಿಳಕವಾಡಿಯ ಹುಡುಗನೊಬ್ಬನನ್ನು ವಾಚಕರು ಊಹಿಸಿಕೊಳ್ಳಬಹುದು. ಅವನ ಬಳಿ ಮೂರು ಬಗೆಯ ಸಾಮಗ್ರಿ ಇದೆ. ಮೊದಲನೆಯದು, ಬಿ. ಆರ್. ಪಂತುಲು ಅವರು 1961ರಲ್ಲಿ ನಿರ್ಮಿಸಿ ನಿರ್ದೇಶಿಸಿದ ಕಪ್ಪು-ಬಿಳುಪಿನ 'ಕಿತ್ತೂರು ಚೆನ್ನಮ್ಮ', ಅದರಲ್ಲಿ ಬಿ. ಸರೋಜಾದೇವಿಯವರು ರಾಣಿ. ಎರಡನೆಯದು, ನಾಗಣ್ಣನವರ ನಿರ್ದೇಶನದಲ್ಲಿ 2012ರಲ್ಲಿ ಬಂದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'. ಅದರಲ್ಲಿ ಜಯಪ್ರದಾ ರಾಣಿ. ಮೂರನೆಯದು, ಖಾನಾಪುರದ ಮಾರ್ಗವಾಗಿ ನಂದಗಡಕ್ಕೆ ಹೋಗಿ, ಸಮಾಧಿಯನ್ನೂ ಆಲದ ಮರವನ್ನೂ ತನ್ನ ಮೊಬೈಲನ್ನು ನೆಟ್ಟಗೆ ಹಿಡಿದು ತಾನೇ ತೆಗೆದ ದೃಶ್ಯ.

ಮೂರಕ್ಕೂ ಭಾವ ಒಂದೇ. ಆಕಾರ ಮಾತ್ರ ಮೂರು. ಹಳೆಯ ಚಿತ್ರದ ಚೌಕಟ್ಟು ಸುಮಾರು 4 ಪಾಲು ಅಗಲ, 3 ಪಾಲು ಎತ್ತರ. ಹೊಸದು ಸಿನಿಮಾಸ್ಕೋಪಿನ ಪಟ್ಟಿ. ಎತ್ತರದ ಎರಡೂಕಾಲು ಪಾಲನ್ನೂ ಮೀರಿದ ಅಗಲ ಅದಕ್ಕಿದೆ. ಮೊಬೈಲಿನದು 9 ಪಾಲು ಅಗಲ, 16 ಪಾಲು ಎತ್ತರದ ನಿಂತ ಚಿತ್ರ. ಇವೆಲ್ಲವನ್ನೂ 16ಕ್ಕೆ 9ರ ಇಂದಿನ ಟೀವಿಯ ಪರದೆಯಲ್ಲಿ ಕೂಡಿಸುವುದು ಹೇಗೆ?

ಈ ಭೇದಗಳು ಹುಟ್ಟಿದುದಕ್ಕೆ ಚರಿತ್ರೆಯಿದೆ. ಮೂಕಿಚಿತ್ರಗಳ ಕಾಲದಿಂದ ಬಂದ 4ಕ್ಕೆ 3ರ ಅಳತೆಯನ್ನೇ ಟೆಲಿವಿಷನ್ನೂ ಅಂಗೀಕರಿಸಿತು. ಅಮೆರಿಕದಲ್ಲಿ ಜನರು ಮನೆಯ ಟೆಲಿವಿಷನ್ನಿನ ಮುಂದೆಯೇ ಕುಳಿತುಬಿಡುವರೆಂಬ ಭೀತಿಯಿಂದ ಸಿನಿಮಾದವರು ಪರದೆಯನ್ನು ಹಿಗ್ಗಿಸಿದರು. 1953ರ 'ದಿ ರೋಬ್' ಮೊದಲ ಸಿನಿಮಾಸ್ಕೋಪ್ ಚಿತ್ರವಾಯಿತು. ಗುರುದತ್ತರ 'ಕಾಗಜ್ ಕೇ ಫೂಲ್' 1959ರಲ್ಲಿ ಅದನ್ನು ಭಾರತಕ್ಕೆ ತಂದಿತು. ಕನ್ನಡಕ್ಕೆ ತಂದುದು 1977ರ 'ಸೊಸೆ ತಂದ ಸೌಭಾಗ್ಯ'. ಈ ವಿಧಾನದಲ್ಲಿ ಕ್ಯಾಮೆರಾದ ಮಸೂರವು ದೃಶ್ಯವನ್ನು ಅಡ್ಡಕ್ಕೆ ಅದುಮಿ ಫಿಲ್ಮಿನಲ್ಲಿ ಕೂಡಿಸುವುದು; ಚಿತ್ರಮಂದಿರದ ಯಂತ್ರದ ಮಸೂರವು ಅದನ್ನು ಮರಳಿ ಬಿಡಿಸುವುದು. ಅಂದರೆ ಅಲ್ಲಿ ಅದುಮಿದುದಕ್ಕೆ ತಕ್ಕಷ್ಟೇ ಹಿಗ್ಗಿಸುವ ನ್ಯಾಯವಿತ್ತು. ಇಂದಿನ ಮೊಬೈಲಿನ ಹಿಗ್ಗಿಸುವಿಕೆಯಲ್ಲಿ ಆ ನ್ಯಾಯವಿಲ್ಲ.

ಹುಡುಗನು ಮೊದಲು ಮಾಡುವುದು ಹಳೆಯ ಚಿತ್ರವನ್ನು ಎರಡು ಬದಿಗೂ ಜಗ್ಗಿ ಪರದೆ ತುಂಬಿಸುವ ಕೆಲಸ. ಹಾಗೆ ಮಾಡಿದಾಗ ಪ್ರತಿಯೊಂದು ಮುಖವೂ ಮೂರನೆಯ ಒಂದು ಪಾಲಿನಷ್ಟು ಅಗಲವಾಗುವುದು. ಪಕ್ಕದಲ್ಲಿ ಕುಳಿತ ಅಜ್ಜಿಗೆ ಇದು ತಟ್ಟನೆ ತಿಳಿಯುತ್ತದೆ. "ಇದೇನೋ ತಮ್ಮಾ, ರಾಣೀನ್ನ ಯಾಕ ಹಿಂಗ ಊದಿಸೀ? ನಾ ನೋಡಿದಾಗ ಹಿಂಗ ಇರಲಿಲ್ಲಲ್ಲೋ!" ಎಂದು ಆಕೆ ಕೇಳಿದರೆ, ಅದಕ್ಕಿಂತ ಸರಿಯಾದ ವಿಮರ್ಶೆ ಬೇರೊಂದಿಲ್ಲ.

ಎರಡನೆಯ ಉಪಾಯ ಕತ್ತರಿಸುವುದು. 4ಕ್ಕೆ 3ರ ಚಿತ್ರದಿಂದ 16ಕ್ಕೆ 9ರ ಪರದೆಯನ್ನು ತುಂಬಿಸಬೇಕಾದರೆ ಎತ್ತರದಲ್ಲಿ ಸರಿಯಾಗಿ ಕಾಲುಭಾಗವನ್ನು ಬಿಡಬೇಕು. ಅದರಲ್ಲಿ ರಾಣಿಯ ಕಿರೀಟ ಹೋಗಬಹುದು, ಖಡ್ಗ ಹಿಡಿದ ಕೈ ಹೋಗಬಹುದು. ನೆಟ್ಟಗೆ ನಿಂತ ಆಲದ ಮರವನ್ನು ಹೀಗೆಯೇ ಕತ್ತರಿಸಿದರೆ ಬುಡವೂ ಇಲ್ಲ, ತುದಿಯೂ ಇಲ್ಲ. ಉಳಿಯುವುದು ನಡುವಿನ ಬೊಡ್ಡೆ ಮಾತ್ರ.

ಈ ಸಂಕಟ ಬೆಳಗಾವಿಯೊಂದರದೇ ಅಲ್ಲ. ಜಪಾನಿನ ಆನಿಮೆ ಚಿತ್ರಗಳ ಅಭಿಮಾನಿಗಳಿಗೆ ಇದು ಹಳೆಯ ಪರಿಚಯ. ಅಮೆರಿಕದ ಜಿಮ್ ಕಪೋಸ್ಟಾಸ್ ಎಂಬ ತರುಣ 1982ರಲ್ಲಿ ಎರಡು ವಿ.ಸಿ.ಆರ್. ಯಂತ್ರಗಳನ್ನು ಜೋಡಿಸಿ, ಜಪಾನಿನ ಧಾರಾವಾಹಿಯೊಂದರ ದೃಶ್ಯಗಳನ್ನು ಬೀಟಲ್ಸ್ ತಂಡದ ಹಾಡಿಗೆ ಹೊಂದಿಸಿದನು. ಆಗ ಟೆಲಿವಿಷನ್ನಿನ ಆಕಾರ ಒಂದೇ ಆಗಿದ್ದುದರಿಂದ ಈ ತೊಡಕಿರಲಿಲ್ಲ. ಆದರೆ 'ಇವ್ಯಾಂಜೆಲಿಯನ್' ಕಥೆಯ 1995ರ ಧಾರಾವಾಹಿ 4ಕ್ಕೆ 3ರದು. 2007ರಿಂದ ಬಂದ ಅದರ ಹೊಸ ಚಿತ್ರಗಳು ಅಗಲವಾದವು. ಒಬ್ಬಳೇ ನಾಯಕಿಯನ್ನು ಎರಡರಿಂದಲೂ ಆಯ್ದು ಕೂಡಿಸುವವರಿಗೆ ಟಿಳಕವಾಡಿಯ ಹುಡುಗನ ಪ್ರಶ್ನೆಯೇ ಎದುರಾಯಿತು. ಅವರಲ್ಲಿ ಪಳಗಿದವರು ಕಂಡುಕೊಂಡ ನಿಯಮಗಳು ಇಲ್ಲಿಯೂ ಸಲ್ಲುವಂಥವು.

ಮೊದಲನೆಯದಾಗಿ, ಚಿತ್ರಿಕೆಯನ್ನು ಎಲ್ಲಿ ನೋಡುವರೆಂಬುದನ್ನು ಆರಂಭದಲ್ಲಿಯೇ ನಿಶ್ಚಯಿಸಬೇಕು. ಸ್ಟೇಟಸ್ಸಿಗಾದರೆ ನಿಂತ ಚೌಕಟ್ಟು, ಟೀವಿಗಾಗಲಿ ಓಣಿಯ ಕಾರ್ಯಕ್ರಮದ ಪರದೆಗಾಗಲಿ ಆದರೆ ಅಡ್ಡ ಚೌಕಟ್ಟು. ಎರಡೂ ಬೇಕೆಂದರೆ ಎರಡು ಪ್ರತಿಗಳನ್ನೇ ಮಾಡುವುದು ಲೇಸು.

ಎರಡನೆಯದಾಗಿ, ಇಂಟರ್‌ನೆಟ್ಟಿನಿಂದ ಬಂದ ತುಣುಕಿನ ಅಂಚುಗಳನ್ನು ಪರೀಕ್ಷಿಸಬೇಕು. ಎಷ್ಟೋ ಪ್ರತಿಗಳಲ್ಲಿ ಕಪ್ಪು ಪಟ್ಟಿಗಳು ಮೊದಲೇ ಅಂಟಿಕೊಂಡಿರುತ್ತವೆ. ಅವುಗಳ ಸಮೇತ ಕೂಡಿಸಿದರೆ ನಾಲ್ಕು ಕಡೆಯೂ ಕಪ್ಪಾಗಿ, ನಡುವೆ ಅಂಚೆಚೀಟಿಯಷ್ಟು ಚಿತ್ರ ಉಳಿಯುವುದು. ಹಳೆಯ ಪಟ್ಟಿಯನ್ನು ತೆಗೆದ ಮೇಲೆಯೇ ಅಳತೆ ಹಿಡಿಯಬೇಕು.

ಮೂರನೆಯದಾಗಿ, ಯಾವುದನ್ನೂ ಜಗ್ಗಬಾರದು. 1920 ಚುಕ್ಕಿ ಅಗಲ, 1080 ಚುಕ್ಕಿ ಎತ್ತರದ ಪರದೆಯಲ್ಲಿ 4ಕ್ಕೆ 3ರ ಚಿತ್ರವು 1440 ಚುಕ್ಕಿಗಳಷ್ಟು ಅಗಲದಲ್ಲಿ ನಿಲ್ಲುವುದು. ಇಕ್ಕೆಲಗಳಲ್ಲಿ 240ರಂತೆ ಕಪ್ಪು ಉಳಿಯುವುದು. ಅದು ದೋಷವಲ್ಲ, ಗೋಡೆಗೆ ತೂಗುಹಾಕಿದ ಫೋಟೋದ ಸುತ್ತಲಿನ ಗೋಡೆಯಂತೆ ಅದು. ಬರಿದಾದ ಜಾಗದಲ್ಲಿ ಅದೇ ಚಿತ್ರವನ್ನು ದೊಡ್ಡದು ಮಾಡಿ ಮಸುಕಾಗಿಸಿ ತುಂಬುವ ರೂಢಿ ಈಗ ಹೆಚ್ಚಾಗಿದೆ. ಕುಣಿತದ ಹಾಡಿಗೆ ಅದು ಒಪ್ಪೀತು. ಸಮಾಧಿಯ ಮುಂದೆ ಕೈಮುಗಿದು ನಿಂತ ದೃಶ್ಯದ ಪಕ್ಕದಲ್ಲಿ ಬಣ್ಣಗಳು ಅಲ್ಲಾಡುತ್ತಿದ್ದರೆ ಮನಸ್ಸು ನಿಲ್ಲದು.

ನಾಲ್ಕನೆಯದಾಗಿ, ಆಕಾರವನ್ನು ಕ್ಷಣಕ್ಷಣಕ್ಕೂ ಬದಲಿಸಬಾರದು. ಖಾನಾಪುರದ ಕಡೆ ಹೆಂಚು ಹೊದಿಸುವವರು ಇದನ್ನು ಬಲ್ಲರು. ಒಂದು ಅಚ್ಚಿನ ಹೆಂಚಿಗೆ ಮತ್ತೊಂದು ಅಚ್ಚಿನದು ಕೂಡದಿದ್ದರೆ ಅವರು ಹೆಂಚನ್ನು ಜಗ್ಗುವುದಿಲ್ಲ. ಆಯಾ ಅಚ್ಚಿನವನ್ನು ಸಾಲಾಗಿ ಹಿಡಿಯುತ್ತಾರೆ. ಹಾಗೆಯೇ ರಾಣಿಯ ದರ್ಬಾರು ಹಳೆಯ ಚೌಕದಲ್ಲಿ ನಡೆಯಲಿ. ಯುದ್ಧ ಆರಂಭವಾದಾಗ ಪರದೆ ಅಗಲವಾಗಲಿ. ಕೊನೆಗೆ ನಂದಗಡದ ಮರ ನೆಟ್ಟಗೆ ನಿಲ್ಲಲಿ. ಮುಖಕ್ಕೆ ಚೌಕ, ಸೈನ್ಯಕ್ಕೆ ಪಟ್ಟಿ, ಮರಕ್ಕೆ ಎತ್ತರ: ಹೀಗೆ ಅನುಕ್ರಮವಿಟ್ಟರೆ ತೊಡಕೆನಿಸಿದ ಭೇದವೇ ಕಥೆಗೆ ನೆರವಾಗುವುದು.

ಕತ್ತರಿಸಲೇಬಾರದೆಂದಲ್ಲ. ಕತ್ತರಿಸುವುದಾದರೆ ಇಡೀ ಚಿತ್ರಕ್ಕೆ ಒಂದೇ ಗೆರೆ ಎಳೆಯದೆ, ಒಂದೊಂದು ದೃಶ್ಯವನ್ನೂ ನಿಲ್ಲಿಸಿ ನೋಡಿ, ತಲೆ ಉಳಿಯಿತೆ, ಕೈ ಉಳಿಯಿತೆ, ಯಾರನ್ನು ನೋಡಿ ಮಾತನಾಡುತ್ತಿರುವರೋ ಅವರು ಉಳಿದರೆ ಎಂಬುದನ್ನು ಪರಿಶೀಲಿಸಬೇಕು. ಅದಕ್ಕೆ ತಾಳ್ಮೆ ಬೇಕು; ಒಂದು ನಿಮಿಷದ ಚಿತ್ರಿಕೆಗೆ ಒಂದು ಸಂಜೆ ಹೋದೀತು.

ಇಷ್ಟು ಶ್ರಮವೇಕೆಂದು ಕೇಳುವವರಿರಬಹುದು. ಪಂತುಲು ಅವರು 1974ರಲ್ಲಿ ತೀರಿಕೊಂಡರು. ಸರೋಜಾದೇವಿಯವರು 2025ರ ಜುಲೈಯಲ್ಲಿ ಅಗಲಿದರು. ರಾಣಿಯನ್ನು ಎಲ್ಲಿ ನಿಲ್ಲಿಸಬೇಕು, ತಲೆಯ ಮೇಲೆ ಎಷ್ಟು ಬಯಲು ಬಿಡಬೇಕು ಎಂದು ಅಂದು ಅಳೆದು ನಿರ್ಧರಿಸಿದವರು ಇಂದು ಬಂದು ಹೇಳಲಾರರು. ಅವರ ತೀರ್ಮಾನ ಉಳಿದಿರುವುದು ಆ ಚೌಕಟ್ಟಿನಲ್ಲಿಯೇ. ಶಾಲೆಗೆ ಹೋಗುವ ಎಷ್ಟೋ ಮಕ್ಕಳು ಆ ರಾಣಿಯನ್ನು ಮೊದಲು ನೋಡುವುದು, ಬಹುಶಃ ಅದೊಂದೇ ಸಲ ನೋಡುವುದು, ಅಣ್ಣನೋ ಅಕ್ಕನೋ ಕಳಿಸಿದ ಇಂತಹ ಚಿತ್ರಿಕೆಯಲ್ಲಿ. ಅವರಿಗೆ ಕಾಣುವ ಮುಖ ಸರಿಯಾದ ಮುಖವಾಗಿರಬೇಕಾದುದು ನ್ಯಾಯ. ಅಭಿಮಾನಿಯೆನಿಸಿಕೊಂಡವನು ಇಕ್ಕೆಲಗಳಲ್ಲಿ ನಾಲ್ಕು ಬೆರಳು ಕಪ್ಪನ್ನು ಸಹಿಸಿಕೊಂಡರೆ ಅಷ್ಟು ಸಾಕು.