ಕೆಡವುವ ಮುಂಚೆ ಲೆಕ್ಕ ಕೊಡಿ

ಸರಕಾರಿ ಕಾಗದಗಳಲ್ಲಿ ಒಂದು ಶಬ್ದ ಮೇಲಿಂದ ಮೇಲೆ ಬರುತ್ತದೆ: 'ಶಿಥಿಲಗೊಂಡಿದೆ'. ಕಟ್ಟಡ ಶಿಥಿಲಗೊಂಡಿದೆ, ಆದ್ದರಿಂದ ಕೆಡವಲು ಠರಾಯಿಸಲಾಗಿದೆ. ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಕಲಿಸುತ್ತಲೇ ಬದುಕು ಸವೆಸಿದವಳು ನಾನು. ಈ ವಾಕ್ಯ ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ. ಶಿಥಿಲಗೊಳಿಸಿದವರು ಯಾರು? ಮಾಳಿಗೆಯ ಮೇಲೆ ಹುಟ್ಟಿದ ಅರಳಿಯ ಸಸಿಯನ್ನು ಹತ್ತು ವರ್ಷ ಕೀಳದೆ ಬಿಟ್ಟವರು ಯಾರು? ಒಡೆದ ನೀರಿನ ಕೊಳವೆಯನ್ನು ಗೋಡೆಯೊಳಗೇ ಸೋರಲು ಬಿಟ್ಟವರು ಯಾರು? ಬಾಡಿಗೆಯನ್ನು ತಪ್ಪದೆ ವಸೂಲು ಮಾಡಿ, ಅದರಲ್ಲಿ ಒಂದು ಪಾಲನ್ನು ದುರಸ್ತಿಗೆಂದು ತೆಗೆದಿಡದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರೇ ಕೊನೆಗೆ ತಜ್ಞರ ವರದಿ ಕೈಯಲ್ಲಿ ಹಿಡಿದು ನಮ್ಮೆದುರು ನಿಲ್ಲುತ್ತಾರೆ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1892ರಲ್ಲಿ ಕಟ್ಟಿದ್ದು. ಉದ್ದಕ್ಕೆ ಕಮಾನುಗಳ ಸಾಲು, ಕೆಳಗೆ ಅಂಗಡಿಗಳು. ಹೊಸ ಪುಸ್ತಕ ಕೊಳ್ಳಲು ಕೈ ಸಾಗದ ವಿದ್ಯಾರ್ಥಿಗಳು ಅಲ್ಲಿಯ ಹಳೆಯ ಪುಸ್ತಕದ ಅಂಗಡಿಗಳನ್ನೇ ನೆಚ್ಚಿಕೊಂಡಿದ್ದರು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿಯಿತು, ನಾಲ್ವರು ಸತ್ತರು. ಅಂಗಡಿಕಾರರನ್ನು ಹೊರಡಿಸಿದರು. ಆಮೇಲೆ ಕಟ್ಟಡ ವರ್ಷಗಟ್ಟಲೆ ಖಾಲಿ ನಿಂತು ಮಳೆಗೆ ನೆನೆಯಿತು.

ಅದರ ಸಮೀಪದ ದೇವರಾಜ ಮಾರುಕಟ್ಟೆಯದೂ ಇದೇ ಕಥೆ. ಸುಮಾರು ಎಂಟು ನೂರು ಮಳಿಗೆಗಳು. ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ರಾಶಿ, ಇವೆಲ್ಲ ಒಂದೇ ಸೂರಿನ ಕೆಳಗೆ ಸಿಗುವ, ನೂರು ವರ್ಷ ದಾಟಿದ ಪೇಟೆ. 2016ರ ಆಗಸ್ಟ್ 28ರಂದು, ದುರಸ್ತಿ ನಡೆದಿದ್ದಾಗಲೇ, ಧನ್ವಂತರಿ ರಸ್ತೆಯ ಕಡೆಯ ಹೆಬ್ಬಾಗಿಲು ಉರುಳಿ ಬಿತ್ತು. ಆ ದಿನ ರವಿವಾರ, ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಮದ್ದು ಕೊಡುವಾಗಲೇ ರೋಗಿ ಕುಸಿದರೆ ನಾವು ವೈದ್ಯನನ್ನು ಕೇಳುತ್ತೇವೆ. ಇಲ್ಲಿ ತಪ್ಪೆಲ್ಲ ರೋಗಿಯ ವಯಸ್ಸಿನದೇ ಎಂದಾಯಿತು.

ಮುಂದೆ ವರದಿಗಳ ಜಗಳ ಹತ್ತಿತು. ಪಾರಂಪರಿಕ ಕಟ್ಟಡಗಳನ್ನು ಬಲ್ಲವರು ಉಳಿಸಬಹುದು ಎಂದರು. ಬೇರೆ ತಜ್ಞರ ತಂಡ ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂದಿತು. ಪಾಲಿಕೆ ಮತ್ತು ಸರಕಾರ ಎರಡನೆಯದರ ಕಡೆ ವಾಲಿದವು. ವ್ಯಾಜ್ಯ ಹೈಕೋರ್ಟಿಗೆ ಹೋಗಿ, 2023ರಲ್ಲಿ ಎರಡೂ ಕಟ್ಟಡಗಳನ್ನು ಕೆಡವಿ ಕಟ್ಟಲು ದಾರಿಯಾಯಿತು. ನ್ಯಾಯಾಲಯದ ಮಾತಿಗೆ ನನ್ನ ತಕರಾರಿಲ್ಲ. ಎದುರಿಗೆ ಬಂದ ಕಾಗದ ನೋಡಿ ಅದು ತೀರ್ಮಾನಿಸುತ್ತದೆ. ನನ್ನ ತಕರಾರು ಅದಕ್ಕಿಂತ ಹಿಂದಿನದು. 2012ರಿಂದ 2023 ಎಂದರೆ ಹನ್ನೊಂದು ಮಳೆಗಾಲ. ಹನ್ನೊಂದು ಮಳೆಗಾಲ ನೆನೆಸಿಟ್ಟು ಆಮೇಲೆ "ಗಟ್ಟಿ ಇದೆಯೇ?" ಎಂದು ಕೇಳಿದರೆ ಯಾವ ಗೋಡೆ ತಾನೆ ಹೌದು ಎಂದೀತು?

ಆ ಕಾಲದ ಗೋಡೆಗಳನ್ನು ಸುಣ್ಣದ ಗಾರೆಯಿಂದ ಕಟ್ಟುತ್ತಿದ್ದರು. ಗಾರೆ ನೀರನ್ನು ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಹಳೆಯ ಗೌಂಡಿಗಳು ಹೇಳುವುದು ಇದನ್ನೇ. ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ನುಣ್ಣಗೆ ಕಾಣುತ್ತದೆ. ನಮ್ಮ ಪಾಲಿಕೆ, ಪಂಚಾಯತಿಗಳ ದುರಸ್ತಿ ಎಂದರೆ ಹೆಚ್ಚಾಗಿ ಇಂಥದ್ದೇ: ಸಿಮೆಂಟು ಮೆತ್ತು, ಬಣ್ಣ ಬಳಿ, ಬಿಲ್ಲು ಮಾಡು. ಸುಣ್ಣದ ಕೆಲಸ ಬಲ್ಲ ಗೌಂಡಿಯನ್ನು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಟೆಂಡರಿನಲ್ಲಿ ಕಡಿಮೆ ದರ ಬರೆದವನಿಗೆ ಕೆಲಸ. ಅವನಿಗೆ ಗೊತ್ತಿರುವುದು ಕಾಂಕ್ರೀಟು ಮಾತ್ರ.

"ಅಕ್ಕೋರ, ಹಳೇ ಕಟ್ಟಡ ದೊಡ್ಡದೋ, ಮನುಷ್ಯಾನ ಜೀವ ದೊಡ್ಡದೋ?" ಎಂದು ಕೇಳುವವರಿದ್ದಾರೆ. ಜೀವವೇ ದೊಡ್ಡದು. ಅದಕ್ಕಾಗಿಯೇ ನಾನು ಈ ಮಾತು ಆಡುತ್ತಿರುವುದು. ಆ ನಾಲ್ವರನ್ನು ಕೊಂದದ್ದು 1892 ಎಂಬ ಇಸವಿಯಲ್ಲ. ವೇಳೆಗೆ ಸರಿಯಾಗಿ ನೋಡಿ ದುರಸ್ತಿ ಮಾಡದ ಕಟ್ಟಡ ಕೊಲ್ಲುತ್ತದೆ, ಅದು ಹಳೆಯದಿರಲಿ ಹೊಸದಿರಲಿ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನೆಲಕ್ಕೆ ಕುಳಿತದ್ದು ಹಳೆಯ ಕಟ್ಟಡವಲ್ಲ. ಅದು ಇನ್ನೂ ಕಟ್ಟಿ ಮುಗಿಯದ ಬಹುಮಹಡಿ ಕಾಂಕ್ರೀಟು. ಸತ್ತವರು ಹತ್ತಲ್ಲ, ಅದಕ್ಕೂ ಹೆಚ್ಚು. ಆ ವಾರ ನಮ್ಮ ಎರಡೂ ಊರುಗಳಲ್ಲಿ ಅದರದ್ದೇ ಮಾತು. ಹೊಸದೆಂದರೆ ಸುರಕ್ಷಿತ ಎಂಬ ಮಾತನ್ನು ಧಾರವಾಡದವರ ಮುಂದೆ ಆಡುವ ಧೈರ್ಯ ಯಾರಿಗಿದೆ?

ಇನ್ನು ಕೆಲವರು, ಬ್ರಿಟಿಷ್ ವೈಸರಾಯನ ಹೆಸರಿನ ಕಟ್ಟಡ ಬಿದ್ದರೆ ಅಳುವುದೇಕೆ ಎನ್ನುತ್ತಾರೆ. ಹೆಸರು ಅವನದು, ದುಡ್ಡು ಮೈಸೂರಿನದು, ಬೆವರು ನಮ್ಮ ಗೌಂಡಿಗಳದು. ನಮ್ಮ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೂ ಮುಂಬಯಿಯ ಗವರ್ನರನ ಹೆಸರೇ ಇದೆ. ಆದರೆ ಅಲ್ಲಿ ಓದಿ ಬದುಕು ಕಟ್ಟಿಕೊಂಡವರು ಈ ಸೀಮೆಯ ಮಕ್ಕಳು. ಮತ್ತೆ ಕೆಲವರು ಶರಣರ ಹೆಸರು ತೆಗೆದು, ಸ್ಥಾವರದ ಮೋಹ ಬೇಡವೆಂದು ನಮ್ಮ ಬಾಯಿ ಮುಚ್ಚಿಸುತ್ತಾರೆ. ಸ್ಥಾವರದ ಮೋಹವಿಲ್ಲದವರು ಕೆಡವಿದ ಜಾಗದಲ್ಲಿ ನಾಲ್ಕು ಅಂತಸ್ತಿನ ವಾಣಿಜ್ಯ ಸಂಕೀರ್ಣದ ನಕ್ಷೆ ಏಕೆ ಬರೆಸುತ್ತಾರೋ ತಿಳಿಯದು.

ಅಂಗಡಿಕಾರರನ್ನೂ ನಾನು ಪೂರ್ತಿ ಬಿಡಲಾರೆ. ಗೋಡೆಗೆ ತೂತು ಹೊಡೆದು ಅಟ್ಟ ಕಟ್ಟಿದವರು, ಕಂಬವನ್ನು ಕೆತ್ತಿ ಜಾಗ ಮಾಡಿಕೊಂಡವರು, ಪಾಲಿಕೆಗೆ ಚಿಲ್ಲರೆ ಬಾಡಿಗೆ ಕೊಟ್ಟು ಅದನ್ನೇ ಇನ್ನೊಬ್ಬರಿಗೆ ದುಬಾರಿ ಬಾಡಿಗೆಗೆ ಕೊಟ್ಟವರು ಎಲ್ಲ ಪೇಟೆಗಳಲ್ಲಿಯೂ ಇದ್ದಾರೆ. ಆದರೆ ಮಾಲೀಕ ಪಾಲಿಕೆ. ಮಾಲೀಕ ಕಣ್ಣು ಮುಚ್ಚಿ ಕುಳಿತು, ಬಾಡಿಗೆದಾರ ಗೋಡೆ ಕೆಡಿಸಿದ ಎಂದರೆ ಯಾರು ಒಪ್ಪುತ್ತಾರೆ?

ಮೈಸೂರಿನ ಸುದ್ದಿ ನಮಗೇಕೆ ಎನ್ನಬೇಡಿ. ಹುಬ್ಬಳ್ಳಿಯ ಪುರಸಭೆ ಹುಟ್ಟಿದ್ದು 1855ರಲ್ಲಿ, ಧಾರವಾಡದ್ದು 1856ರಲ್ಲಿ. ಎರಡೂ ಕೂಡಿ ಪಾಲಿಕೆಯಾದದ್ದು 1962ರಲ್ಲಿ. ಇಷ್ಟು ಹಳೆಯ ಸಂಸ್ಥೆಗೆ ತನ್ನ ಹಳೆಯ ಕಟ್ಟಡಗಳ ಬಗ್ಗೆ ಒಂದು ನೀತಿ ಇರಬೇಕಿತ್ತು. 2016ರ ಸೆಪ್ಟೆಂಬರಿನಲ್ಲಿ ಅವಳಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೆಲಸ ಮಾಡಿಸಲು ಪಾಲಿಕೆಯ ಹೊರಗೆ ಒಂದು ಕಂಪನಿ ಸ್ಥಾಪನೆಯಾಯಿತು. ಹಳೆಯ ಜನತಾ ಬಜಾರನ್ನು ಕೆಡವಿ ಹೊಸದು ಕಟ್ಟಿದ್ದು ಆ ಯೋಜನೆಯಲ್ಲಿಯೇ. ಈ ಕೆಲಸಗಳ ಭರಾಟೆಯ ಹೊತ್ತಿಗೆ ಊರಿಗೆ ಚುನಾಯಿತ ಸಭೆಯೇ ಇರಲಿಲ್ಲ! 2019ರ ಮಾರ್ಚಿನಲ್ಲಿ ಹಳೆಯ ಸಭೆಯ ಅವಧಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ, ಮೇಯರರ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷ ಮಿಕ್ಕಿ ಆಡಳಿತಾಧಿಕಾರಿಗಳದ್ದೇ ಮಾತು. ಯಾವುದನ್ನು ಉಳಿಸಬೇಕು, ಯಾವುದನ್ನು ಕೆಡವಬೇಕು ಎಂದು ಆಗ ಎದ್ದು ನಿಂತು ಕೇಳಬೇಕಾದ ಸದಸ್ಯನೇ ಸಭೆಯಲ್ಲಿರಲಿಲ್ಲ. 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನಗರಗಳಿಗೆ ಸ್ವರಾಜ್ಯ ಬಂತೆಂದು ನಾವು ಪೌರನೀತಿಯ ತರಗತಿಯಲ್ಲಿ ಪಾಠ ಹೇಳಿದೆವು. ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚಿಗೆ ಮುಗಿಯಿತು. ಆ ಕಟ್ಟಡಗಳ ಸುಣ್ಣಬಣ್ಣದ ಖರ್ಚು ಮಾತ್ರ ನಮ್ಮ ಕೊರಳಿಗೇ ಉಳಿಯಿತು.

ನಾನಿರುವ ತಾರಿಹಾಳದಲ್ಲಿ ಅರಮನೆಯಿಲ್ಲ, ವೈಸರಾಯನ ಹೆಸರಿನ ಕಟ್ಟಡವಿಲ್ಲ, ಕಾರಖಾನೆಗಳಿವೆ. ಕೆಲಸ ಬಿಟ್ಟ ಮೇಲೆ ಹೆಣ್ಣುಮಕ್ಕಳು ಸಂತೆಗೆಂದು ಪೇಟೆಗೆ ಹೋಗುತ್ತಾರೆ. ಅವರಿಗೆ ಪರಂಪರೆ ಎಂಬ ದೊಡ್ಡ ಮಾತು ಬೇಡ. ದುರ್ಗದಬೈಲಿನಲ್ಲಿ ಯಾರ ಹತ್ತಿರ ಬಳೆ ಕೊಳ್ಳಬೇಕು, ಯಾರು ಉದ್ದರಿ ಕೊಡುತ್ತಾರೆ ಎಂಬುದು ಗೊತ್ತು. ಹಳೆಯ ಪೇಟೆ ಕೆಡವಿದಾಗ ಹೋಗುವುದು ಕಮಾನು ಮಾತ್ರವಲ್ಲ, ಈ ಪರಿಚಯದ ಜಾಲವೂ ಹೋಗುತ್ತದೆ. ಹೊಸ ಸಂಕೀರ್ಣ ಏಳುವ ತನಕ ಬೀದಿಯಲ್ಲಿ ಕುಳಿತ ಸೊಪ್ಪಿನ ಮುದುಕಿ, ಅದು ಎದ್ದ ಮೇಲೆ ಠೇವಣಿ ಎಲ್ಲಿಂದ ತಂದಾಳು?

ಉಳಿಸಲು ಬರುವುದಿಲ್ಲವೇ? ಬರುತ್ತದೆ. ಬೆಂಗಳೂರಿನ ಅಠಾರಾ ಕಚೇರಿ 1868ರ ಸುಮಾರಿಗೆ ಪೂರ್ತಿಯಾದದ್ದು. 1980ರ ದಶಕದಲ್ಲಿ ಅದನ್ನು ಕೆಡವಲು ಸರಕಾರವೇ ಹೊರಟಿತ್ತು. ಜನ ತಿರುಗಿಬಿದ್ದರು, ಕಟ್ಟಡ ಉಳಿಯಿತು. ಹೈಕೋರ್ಟು ಇಂದಿಗೂ ಅಲ್ಲಿಯೇ ಇದೆ. ಅಷ್ಟು ದೂರವೇಕೆ, ನಮ್ಮ ಗದಗ ರಸ್ತೆಗೇ ಬನ್ನಿ. ರೈಲ್ವೆಯವರು ನೂರು ವರ್ಷ ದಾಟಿದ ತಮ್ಮ ಎರಡು ಹಳೆಯ ಕಲ್ಲಿನ ಮನೆಗಳನ್ನು ಕೆಡವದೆ ಸರಿಪಡಿಸಿ, ಮಲಪ್ರಭಾ, ಘಟಪ್ರಭಾ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯದೊಳಗೆ ಸೇರಿಸಿ 2020ರಲ್ಲಿ ಜನರಿಗೆ ತೆರೆದರು. ರೈಲ್ವೆಯವರಿಗೆ ಸಾಧ್ಯವಾದದ್ದು ಪಾಲಿಕೆಗೆ ಅಸಾಧ್ಯ ಹೇಗಾಯಿತು?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ನಿಮಿಷಕ್ಕೆ ಮುಂಚೆ ನಾಲ್ಕು ಕೆಲಸ ಆಗಲಿ ಎಂಬುದು ನನ್ನ ಬೇಡಿಕೆ. ಪಾಲಿಕೆಯ ಪ್ರತಿಯೊಂದು ಹಳೆಯ ಕಟ್ಟಡವನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ತಪಾಸಣೆ ಮಾಡಿ, ವರದಿಯನ್ನು ಆ ಕಟ್ಟಡದ ಬಾಗಿಲಿಗೇ ಕನ್ನಡದಲ್ಲಿ ಹಚ್ಚಲಿ. ಬಂದ ಬಾಡಿಗೆಯಲ್ಲಿ ದುರಸ್ತಿಗೆ ಎಷ್ಟು ಹಾಕಿದಿರಿ ಎಂಬ ಲೆಕ್ಕ ಅದರ ಕೆಳಗೇ ಇರಲಿ. ಉಳಿಸಿ ಎನ್ನುವ ವರದಿ, ಕೆಡವಿ ಎನ್ನುವ ವರದಿ, ಎರಡನ್ನೂ ವಾರ್ಡ್ ಸಮಿತಿಯ ಮುಂದೆ ಓದಿ ಹೇಳಲಿ; ಆಮೇಲೆ ಠರಾವು ಆಗಲಿ. ಅಂಗಡಿ ಖಾಲಿ ಮಾಡಿಸುವ ಮುಂಚೆ, ತಿರುಗಿ ಯಾವಾಗ, ಎಷ್ಟು ಬಾಡಿಗೆಗೆ ಒಳಗೆ ಬಿಡುತ್ತೀರಿ ಎಂಬುದನ್ನು ಬರೆದು ಸಹಿ ಹಾಕಿ ಕೊಡಲಿ.

ಇವುಗಳಿಗೆ ದೊಡ್ಡ ದುಡ್ಡು ಬೇಡ, ಹೊಸ ಕಾಯಿದೆಯೂ ಬೇಡ. ಇಷ್ಟೆಲ್ಲ ಮಾಡಿದ ಮೇಲೂ ಕಟ್ಟಡ ನಿಲ್ಲದು ಎಂದರೆ ಕೆಡವಿರಿ, ನಾವು ಅಡ್ಡ ಬರುವುದಿಲ್ಲ. ಆದರೆ ಠರಾವಿನಲ್ಲಿ ಇನ್ನು ಮುಂದೆ 'ಶಿಥಿಲಗೊಂಡಿದೆ' ಎಂದು ಬರೆಯಬೇಡಿ. ಯಾವ ವರ್ಷದಿಂದ, ಯಾರ ಉಸ್ತುವಾರಿಯಲ್ಲಿ, ಎಷ್ಟು ಅರ್ಜಿಗಳು ಬಂದ ಮೇಲೆ ಶಿಥಿಲಗೊಳಿಸಲಾಯಿತು ಎಂದು ಪೂರ್ತಿ ವಾಕ್ಯ ಬರೆಯಿರಿ. ಏಳನೆಯ ಇಯತ್ತೆಯ ಮಕ್ಕಳಿಗೂ ನಾವು ಅಷ್ಟನ್ನು ಕಲಿಸಿದ್ದೇವೆ.